ಬೀಗರ ಟ್ಯೂನ್

ಜನವರಿ 20

ಕೊಬ್ಬರಿ ಮಂಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ಪ್ರತಿ ವರ್ಷ ಕೊಡುತ್ತಾರೆ, ಪ್ರತಿ ವರ್ಷ ಅದು ಟಿ.ವಿ. ಪಕ್ಕದಲ್ಲಿ ಧೂಳು ಹಿಡಿಯುತ್ತದೆ. ಈ ಸಲ ನಾನು ತೆಗೆದುಕೊಂಡೆ. ಮಾತಾಡಲು ಆಗುತ್ತಿಲ್ಲ, ಅದಕ್ಕೆ.

ಶುಕ್ರವಾರ ಬೆಳಿಗ್ಗೆ ಕಾಫಿ ಕುಡಿಯುವಾಗ ಅರ್ಧ ಕಾಫಿ ಬಾಯಿಯ ಎಡಗಡೆಯಿಂದ ಅಂಗಿಯ ಮೇಲೆ ಸುರಿಯಿತು. ನನ್ನ ಹೆಂಡತಿ ವಿಮಲ ಮೊದಲು ನಕ್ಕಳು. ಆಮೇಲೆ ನನ್ನ ಮುಖ ಸರಿಯಾಗಿ ನೋಡಿ ನಗು ನಿಲ್ಲಿಸಿದಳು. ಎಡಗಣ್ಣು ಮುಚ್ಚುತ್ತಿರಲಿಲ್ಲ. ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ತಮ್ಮ ಜ್ಞಾನೇಶ ಬೈಕಿನಲ್ಲಿ ಕೂರಿಸಿಕೊಂಡು ತಿಪಟೂರಿನ ಆಸ್ಪತ್ರೆಗೆ ಓಡಿಸಿದ. ಲಕ್ವವೇ ಹೊಡೆದಿದೆ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಡಾಕ್ಟರು ಅಲ್ಲ ಎಂದರು. ಮುಖದ ನರ ಊದಿಕೊಂಡಿದೆಯಂತೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ ಎಂದರು. ಮಾತ್ರೆ ಬರೆದುಕೊಟ್ಟರು.

ನಾನು ಕೇಳಿದ್ದು ಒಂದೇ ಪ್ರಶ್ನೆ. ಸ್ಯಾಕ್ಸೊಫೋನ್ ಊದಬಹುದಾ? ತೊದಲುವ ಬಾಯಲ್ಲಿ ಮತ್ತೆ ಮತ್ತೆ ಹೇಳಿದ ಮೇಲೆ ಅವರಿಗೆ ಅರ್ಥವಾಯಿತು. ಸದ್ಯಕ್ಕೆ ಅದನ್ನು ಮರೆತುಬಿಡಿ ಎಂದರು.

ಧನುರ್ಮಾಸ ಈಗ ತಾನೇ ಮುಗಿದಿದೆ. ಇನ್ನು ಲಗ್ನಗಳ ಸೀಸನ್. ನಮ್ಮ ಬ್ಯಾಂಡ್ ಸೆಟ್ಟಿನಲ್ಲಿ ಎಂಟು ಹತ್ತು ಜನ ಇದ್ದೇವೆ. ಆದರೆ ಸುಳ್ಳು ಯಾಕೆ ಹೇಳಲಿ, ಸೆಟ್ ಅಂದರೆ ನಾನೇ. ಮುಂದೆ ನಿಲ್ಲುವವನು ನಾನು. ಕೆಂಪು ಕೋಟಿನ ಮೇಲೆ ಬಂಗಾರದ ಜರಿ ಇರುವುದು ನನಗೆ ಮಾತ್ರ. ನೊಣವಿನಕೆರೆಯಿಂದ ಚಿಕ್ಕನಾಯಕನಹಳ್ಳಿಯವರೆಗೆ ಯಾರನ್ನೇ ಕೇಳಿ, ಭೀಮರಾಜು ಸೆಟ್ ಅಂದರೆ ಬೀಗರ ಟ್ಯೂನ್ ಊದುವವರು ಎನ್ನುತ್ತಾರೆ.

ಆ ಟ್ಯೂನ್ ತಂದವರು ನಮ್ಮ ತಾತ ದೊಡ್ಡಣ್ಣ. ಯುದ್ಧದ ಕಾಲದಲ್ಲಿ ಅವರು ಬೆಂಗಳೂರು ಕಂಟೋನ್ಮೆಂಟಿನ ಒಂದು ಹೋಟೆಲಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಸಂಜೆ ಹೊತ್ತು ದೊರೆಗಳು ಕುಣಿಯುವುದಕ್ಕೆ ಊದುತ್ತಿದ್ದ ಇಂಗ್ಲಿಷ್ ಹಾಡು ಅದು. ಯುದ್ಧ ಮುಗಿಯಿತು, ಹೋಟೆಲು ಮುಚ್ಚಿತು. ತಾತ ಕ್ಲಾರಿನೆಟ್ಟಿನ ಜೊತೆ ಆ ಟ್ಯೂನನ್ನೂ ಊರಿಗೆ ತಂದರು. ಹೆಸರು ಮಾತ್ರ ತರಲಿಲ್ಲ. ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯವರು ಬೀಗರನ್ನು ಎದುರುಗೊಳ್ಳುವಾಗ ಸುಮ್ಮನೆ ಊದಿದರಂತೆ. ಆವತ್ತಿನಿಂದ ಈ ಸೀಮೆಯಲ್ಲಿ ಬೀಗರು ಬಂದಿಳಿದರೆ ಅದೇ ಟ್ಯೂನ್. ಸಿನಿಮಾ ಹಾಡುಗಳು ಬರುತ್ತವೆ, ಒಂದೆರಡು ವರ್ಷ ಊದುತ್ತೇವೆ, ಆಮೇಲೆ ಯಾರೂ ಕೇಳುವುದಿಲ್ಲ. ಇದನ್ನು ಕೇಳುವುದು ಮಾತ್ರ ನಿಂತಿಲ್ಲ. ಖುಷಿಯ ಟ್ಯೂನ್ ಎನ್ನುವಂತಿಲ್ಲ, ದುಃಖದ್ದೂ ಅಲ್ಲ. ಹೆಣ್ಣಿನ ತಾಯಿ ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಾಳೆ, ಹಾಗೇ ನಗುತ್ತಿರುತ್ತಾಳೆ.

ತಾತನಿಂದ ಅಪ್ಪನಿಗೆ, ಅಪ್ಪನಿಂದ ನನಗೆ. ಅದನ್ನು ಊದುವವನು ನಾನೊಬ್ಬನೇ. ಈ ವರ್ಷ ಆ ಟ್ಯೂನ್ ಇಲ್ಲ. ಹಾಗಾಗಿ ಸೆಟ್ಟೂ ಇಲ್ಲ.

ಜನವರಿ 24

ಪ, ಬ, ಮ ಬರುವುದಿಲ್ಲ. ತುಟಿ ಕೂಡುವುದಿಲ್ಲ, ಗಾಳಿ ಸೋರಿಹೋಗುತ್ತದೆ. ಫೋನಿನಲ್ಲಿ ಯಾರೋ ಯಾರು ಮಾತಾಡೋದು ಎಂದರು. ಭೀಮರಾಜು ಎಂದೆ. ಯಾವ ಈರಾಜು ಎಂದರು. ಇಟ್ಟುಬಿಟ್ಟೆ.

ಜನವರಿ 27

ಜ್ಞಾನೇಶ ಬಂದಿದ್ದ. ದಂಡಿನಶಿವರದ ಮದುವೆಯ ವಿಚಾರ. ಮಾರ್ಚಿನಲ್ಲಿ ಇದೆ, ಧನುರ್ಮಾಸಕ್ಕೆ ಮೊದಲೇ ಒಪ್ಪಿಕೊಂಡಿದ್ದೆವು. ಬೇರೆ ಸೆಟ್ ನೋಡಿಕೊಳ್ಳಲು ಹೇಳಿಬಿಡು ಎಂದು ಸನ್ನೆ ಮಾಡಿದೆ.

ಜ್ಞಾನೇಶನ ಬಗ್ಗೆ ಬರೆಯುವುದು ಹೆಚ್ಚೇನಿಲ್ಲ. ನನಗಿಂತ ಆರು ವರ್ಷ ಚಿಕ್ಕವನು, ಕಡಿಮೆ ಮಾತು. ತೆಂಗಿನ ತೋಟ ನೋಡಿಕೊಳ್ಳುತ್ತಾನೆ. ಸೆಟ್ಟಿನಲ್ಲಿ ಟೆನರ್, ಅಂದರೆ ದೊಡ್ಡ ಸ್ಯಾಕ್ಸೊಫೋನ್ ಊದುತ್ತಾನೆ. ಹಿಂದಿನ ಸಾಲಿನಲ್ಲಿ ನಿಂತು, ನನ್ನ ಟ್ಯೂನಿನ ಕೆಳಗೆ ಏನೋ ತುಂಬುತ್ತಿರುತ್ತಾನೆ. ಅದಕ್ಕೆ ಅವನು ಸರಿ.

ಹೊರಡುವಾಗ ಬಾಗಿಲಲ್ಲಿ ನಿಂತು, ಚಪ್ಪಲಿ ನೋಡುತ್ತಾ ಕೇಳಿದ. "ಅಣ್ಣ, ನಾನ್ ಊದ್ಲಾ ಅದನ್ನ?"

ನಾನು ತಲೆಯಾಡಿಸಿದೆ. ಬೇಡ ಎಂದು. ಅವನು ಆಯ್ತು ಬುಡು ಎಂದು ಹೋದ. ಒಂದು ಮಾತಿಗೆ ಸುಮ್ಮನಾದನಲ್ಲ, ಅದೇ ಹೇಳುತ್ತದೆ. ಮುಂದೆ ನಿಲ್ಲುವವನಿಗೆ ಆ ಸ್ವಭಾವ ಇರಬಾರದು.

ಫೆಬ್ರವರಿ 2

ಆಸ್ಪತ್ರೆಯಲ್ಲಿ ಅನಿತಾ ಎಂಬ ಹುಡುಗಿ ಮುಖದ ವ್ಯಾಯಾಮ ಹೇಳಿಕೊಡುತ್ತಾಳೆ. ಕನ್ನಡಿ ಮುಂದೆ ಕೆನ್ನೆ ಉಬ್ಬಿಸು, ಹುಬ್ಬು ಎತ್ತು, ಸೀಟಿ ಹೊಡೆ. ಸೀಟಿ ಹೊಡೆದರೆ ಕನ್ನಡಿಯ ಮೇಲೆ ಉಗುಳು. ಇಡೀ ತಾಲ್ಲೂಕಿಗೆ ಊದಿದ ಬಾಯಿ ಇದು.

ಫೆಬ್ರವರಿ 6

ದಂಡಿನಶಿವರದ ರಂಗಮ್ಮ ಬಂದಿದ್ದರು. ಮದುಮಗಳು ಜೀವಿತಾಳ ಅಜ್ಜಿ. ಎಂಬತ್ತು ದಾಟಿದ ಮುದುಕಿ, ಕಾರಿನಿಂದ ಇಳಿದು ಯಾರ ಕೈಯನ್ನೂ ಹಿಡಿಯದೆ ಪಡಸಾಲೆಗೆ ಬಂದು ಕೂತರು. ಅವರ ಮದುವೆಯಲ್ಲಿ ನಮ್ಮ ತಾತನೇ ಊದಿದ್ದರಂತೆ. ಅವರ ಮಗಳ ಮದುವೆಯಲ್ಲಿ ಅಪ್ಪ. ಈಗ ಮೊಮ್ಮಗಳದು. ಮನೆಯವರೆಲ್ಲ ಡಿ.ಜೆ. ಸಾಕು ಎಂದಿದ್ದರಂತೆ, ಇವರೇ ಹಟ ಹಿಡಿದು ನಮ್ಮ ಸೆಟ್ ಹೇಳಿಸಿದ್ದರು.

ನಾನು ಮುಖ ತೋರಿಸಿದೆ. ಇದನ್ನು ನೋಡಿ, ಹೇಗೆ ಊದಲಿ ಎನ್ನುವ ಹಾಗೆ. ಅವರು ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದರು. ಅಯ್ಯೋ ಪಾಪ ಎನ್ನುತ್ತಾರೆಂದು ಕಾದೆ.

"ನಾನ್ ಕೇಳಿದ್ದು ಟ್ಯೂನು ಕಣಪ್ಪ," ಎಂದರು. "ನಿನ್ನ ಮಕ ಅಲ್ಲ. ನಿಮ್ಮ ತಾತನೂ ಹೋದ, ನಿಮ್ಮಪ್ಪನೂ ಹೋದ. ಟ್ಯೂನ್ ನಿಂತ್ಕಂತಾ?"

ವಿಮಲ ಕೊಟ್ಟ ಮಜ್ಜಿಗೆ ಕುಡಿದು ಎದ್ದು ಹೋದರು. ನನಗೆ ಮಧ್ಯಾಹ್ನ ಊಟ ಸೇರಲಿಲ್ಲ.

ಫೆಬ್ರವರಿ 9

ಜ್ಞಾನೇಶನನ್ನು ಕರೆಸಿದೆ. ಊದು, ನೋಡೋಣ ಎಂದೆ. ಕೊಬ್ಬರಿ ಶೆಡ್ಡಿನಲ್ಲಿ. ನಾವು ಯಾವಾಗಲೂ ಅಭ್ಯಾಸ ಮಾಡುವುದು ಅಲ್ಲೇ, ಅಟ್ಟದ ಮೇಲೆ ಕಾಯಿ ತುಂಬಿರುತ್ತದೆ, ಸದ್ದು ಗುಂಯ್ಗುಡುವುದಿಲ್ಲ.

ಹೇಳಿಕೊಡಲು ತಯಾರಾಗಿಯೇ ಕೂತಿದ್ದೆ. ಹೇಳಿಕೊಡುವುದು ಏನೂ ಉಳಿದಿರಲಿಲ್ಲ. ನನ್ನ ಆಲ್ಟೊ, ಅಂದರೆ ಟ್ಯೂನ್ ಊದುವ ಚಿಕ್ಕ ಸ್ಯಾಕ್ಸೊಫೋನ್, ಎತ್ತಿಕೊಂಡು ಮೊದಲಿಂದ ಕೊನೆಯವರೆಗೆ ಊದಿಬಿಟ್ಟ, ಒಂದು ಸ್ವರವೂ ತಪ್ಪಲಿಲ್ಲ. ಇಷ್ಟು ವರ್ಷ ಬೆನ್ನ ಹಿಂದೆ ನಿಂತು ಕೇಳಿದ್ದಾನೆ, ಬಾರದೆ ಏನು?

ಆದರೆ ಟ್ಯೂನ್ ಏಳಲಿಲ್ಲ. ಎಲ್ಲ ಸರಿ ಇದ್ದೂ ಬೋಳು ಬೋಳು. ಎಲೆ ಹಾಕಿ ಬರಿಯ ಅನ್ನ ಬಡಿಸಿದ ಹಾಗೆ. ನಿಜ ಹೇಳುತ್ತೇನೆ, ನನಗೆ ಸಮಾಧಾನವೇ ಆಯಿತು. ಸ್ವರ ಬಂದರೆ ಸಾಲದು, ಅದರ ಹಿಂದೆ ಭೀಮರಾಜುವಿನ ಉಸಿರು ಬೇಕು.

ಫೆಬ್ರವರಿ 10

ರಾಗಿ ಆರಿಸುತ್ತಾ ವಿಮಲ ಹೇಳಿದಳು. "ಅವ್ನು ನಿಮ್ಮದನ್ನ ಊದುದ, ಸರಿ. ಅವ್ನುದನ್ನ ಯಾರ್ ಊದಿದ್ರು?"

ಹೆಂಗಸರಿಗೆ ಬ್ಯಾಂಡಿನ ವಿಚಾರ ಏನು ಗೊತ್ತು.

ಫೆಬ್ರವರಿ 11

ಆ ಮಾತು ಬಿಡುತ್ತಿಲ್ಲ.

ಫೆಬ್ರವರಿ 14

ಇವತ್ತು ಜ್ಞಾನೇಶನಿಗೆ ಹೇಳಿದೆ, ನೀನು ಕೆಳಗೆ ಏನು ಊದುತ್ತೀಯೋ ಅದನ್ನೇ ಊದು, ಅದನ್ನಷ್ಟೇ. ಅವನಿಗೆ ಆಶ್ಚರ್ಯವಾಯಿತು. ಅದನ್ನೊಂದೇ ಕೇಳಬೇಕೆಂದು ಇದುವರೆಗೆ ಯಾರೂ ಹೇಳಿರಲಿಲ್ಲವಂತೆ.

ದೊಡ್ಡ ಸ್ಯಾಕ್ಸೊಫೋನಿನಲ್ಲಿ ಒಂದು ಸ್ವರ ಹಿಡಿದ. ಬಹಳ ಹೊತ್ತು ಅದರ ಮೇಲೇ ನಿಂತ. ಆಮೇಲೆ ಅರ್ಧ ಸ್ವರ ಕೆಳಗೆ ಜಾರಿದ. ಮತ್ತೆ ನಿಂತ. ಮತ್ತೆ ಅರ್ಧ. ಅದರಲ್ಲಿ ಟ್ಯೂನೂ ಇಲ್ಲ, ತಾಳವೂ ಇಲ್ಲ. ಹಸುವಿಗೆ ಹುಲ್ಲು ಹಾಕಲು ಹೊರಟಿದ್ದ ವಿಮಲ ಬಾಗಿಲಲ್ಲಿ ನಿಂತು, ಇದೇನು ದಾರಿ ತಪ್ಪಿದೋರ್ ಥರ ಐತೆ ಎಂದಳು.

ಅದರ ಮೇಲೆ ನಾನೇ ಟ್ಯೂನ್ ಹಾಡಿ ನೋಡಿದೆ. ಬಾಯಲ್ಲಿ ಬರುವುದು ಲ ಒಂದೇ. ನಡುವೆ ಒಂದು ಜಾಗವಿದೆ, ಒಂದೇ ಸ್ವರ ಮೂರು ಸಲ ಬರುತ್ತದೆ. ಅಲ್ಲಿ ನಾನು ಒಂದೊಂದು ಸಲ ಒಂದೊಂದು ಥರ ಗಮಕ ಕೊಡುತ್ತಿದ್ದೆ. ಹೆಂಗಸರು ಕಣ್ಣೊರೆಸಿಕೊಳ್ಳುವುದು ಅದಕ್ಕೇ ಎಂದು ನಂಬಿದ್ದೆ. ಇವತ್ತು ಗಮಕ ಕೊಡುವ ಬಾಯಿ ಇಲ್ಲ. ಬರಿಯ ಲ, ಲ, ಲ. ಆದರೂ ಮೊದಲನೆಯದು ಮನೆಯೊಳಗೆ ಇದ್ದ ಹಾಗಿತ್ತು, ಎರಡನೆಯದು ಹೊಸ್ತಿಲ ಮೇಲೆ ನಿಂತ ಹಾಗೆ, ಮೂರನೆಯದು ಬೀದಿಗೆ ಇಳಿದ ಹಾಗೆ. ನನ್ನ ಸ್ವರ ಇದ್ದಲ್ಲೇ ಇತ್ತು. ಕದಲಿದ್ದು ಕೆಳಗಿನದು.

ಮತ್ತೆ ಹಾಡಿದೆ. ಮತ್ತೆ ಹಾಗೇ ಆಯಿತು.

ಯಾರು ಕಲಿಸಿದ್ದು ಇದನ್ನು ಎಂದು ಕೇಳಿದೆ. ತಾತ ಎಂದ. ಅವನು ಇಸ್ಕೂಲಿಗೆ ಹೋಗುತ್ತಿದ್ದಾಗ, ಸಂಜೆ ತೋಟದಲ್ಲಿ ಕೂರಿಸಿಕೊಂಡು ಇದೊಂದನ್ನೇ ಕಲಿಸಿದರಂತೆ.

"ನೀನು ಬದಲಾಗಿದ್ದು ಮೇಲೆ ಊದೋನಿಗೆ ಗೊತ್ತಾಗ್ಬಾರ್ದು, ಕೇಳೋರ್ಗೆ ಗೊತ್ತಾಗ್ಬೇಕು ಅಂದಿದ್ರು ಕಣಣ್ಣ."

ತಾತ ಇದನ್ನು ನನಗೆ ಹೇಳಿರಲಿಲ್ಲ. ನಾನು ಹಿರಿಯವನು. ನನಗಲ್ಲವೇ ಮೊದಲು ಹೇಳಬೇಕಾಗಿದ್ದುದು.

ಫೆಬ್ರವರಿ 16

ಸೀಟಿ ಬಂತು. ಸಣ್ಣದು, ಕುಕ್ಕರ್ ತಣ್ಣಗಾಗುವಾಗ ಬರುತ್ತದಲ್ಲ, ಅಷ್ಟು. ವಿಮಲ ಅಡುಗೆಮನೆಯಿಂದ ಓಡಿಬಂದಳು.

ಫೆಬ್ರವರಿ 19

ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ದಂಡಿನಶಿವರಕ್ಕೆ ಜ್ಞಾನೇಶ ಆಲ್ಟೊ ಊದಲಿ. ಅವನ ಜಾಗ ಖಾಲಿ ಬಿಟ್ಟರೆ ಟ್ಯೂನ್ ಬೋಳಾಗುತ್ತದೆ. ಬೇರೆ ಯಾರಿಗೂ ಅದು ಬರುವುದಿಲ್ಲ. ಉದ್ದುದ್ದ ಸ್ವರ, ನಡುನಡುವೆ ಬಿಡುವು, ಬೆರಳು ಓಡಿಸುವ ಕೆಲಸವಿಲ್ಲ. ಇಂಥದ್ದನ್ನಾದರೆ ಈ ಬಾಯಿ ಊದೀತು. ಇದು ಈ ಒಂದು ಮದುವೆಗೆ ಮಾತ್ರ.

ಅನಿತಾಳನ್ನು ಕೇಳಿದೆ. ದಿನಕ್ಕೆ ಸ್ವಲ್ಪ ಹೊತ್ತು, ನೋವಾದರೆ ನಿಲ್ಲಿಸಿ ಎಂದಳು. ತುಟಿಯ ಎಡತುದಿಗೆ ಅಂಟಿಸಿಕೊಳ್ಳಲು ಟೇಪ್ ಕೊಟ್ಟಳು. ಗಾಳಿ ಸೋರುವುದು ನಿಲ್ಲುತ್ತದೆ.

ಫೆಬ್ರವರಿ 23

ಸುಲಭ ಎಂದು ಬರೆದಿದ್ದೆನಾ?

ಒಂದು ಸ್ವರದ ಮೇಲೆ ನಿಲ್ಲಲು ಆಗುವುದಿಲ್ಲ ನನಗೆ. ಬೆರಳು ತಾನಾಗಿ ಟ್ಯೂನಿನ ಹಿಂದೆ ಓಡುತ್ತದೆ. ಇಲ್ಲವೇ ನಿಂತಲ್ಲೇ ಒಂದು ಕುಣಿತ ಕೊಡುತ್ತದೆ. ಜ್ಞಾನೇಶ ಊದುವುದು ನಿಲ್ಲಿಸಿ, "ಅಣ್ಣ, ನಿಂತ್ಕೋ. ಸುಮ್ನೆ ಅಲ್ಲೇ ನಿಂತ್ಕೋ" ಎನ್ನುತ್ತಾನೆ. ಬೈಯುವುದಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ಮಾರ್ಚ್ 2

ಜಗಳ ಆಯಿತು. ನನಗೇ ಹೇಳಿಕೊಡಲು ಬಂದೆಯಾ, ನಿನ್ನ ಕೈ ಹಿಡಿದು ಸ್ಯಾಕ್ಸೊಫೋನ್ ಹಿಡಿಯಲು ಕಲಿಸಿದವನು ನಾನು ಎಂದು ಕೂಗಾಡಿದೆ. ಟೇಪ್ ಕಿತ್ತುಬಂತು. ಜ್ಞಾನೇಶ ಸುಮ್ಮನೆ ಇನ್ನೊಂದು ತುಂಡು ಕತ್ತರಿಸಿ ನನ್ನ ತುಟಿಗೆ ಅಂಟಿಸಿದ. ಹೆಬ್ಬೆರಳಿನಲ್ಲಿ ಒತ್ತಿ ಹಿಡಿದುಕೊಂಡೇ ಇದ್ದ, ಅಂಟುವವರೆಗೆ.

"ನಂಗೂ ಮೊದ್ಲು ಹಿಂಗೇ ಆಗ್ತಿತ್ತು," ಎಂದ. "ನೀನು ಮುಂದೆ ಅಷ್ಟು ಚೆನ್ನಾಗ್ ಊದ್ತಿದ್ರೆ ಹಿಂದೆ ನಿಂತ್ಕಂಡಿರಕ್ಕೆ ಆಯ್ತಾ? ನಾನೂ ಓಡ್ಬೇಕು ಅನ್ಸೋದು. ಆಮೇಲ್ ಗೊತ್ತಾಯ್ತು, ನಾನ್ ನಿಂತಿದ್ರೇನೇ ನೀನ್ ಓಡೋದು ಕಾಣ್ಸೋದು."

ಇಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ.

ಆಮೇಲೆ ಚೆನ್ನಾಗಿ ಬಂತು. ಮೂರು ಸಲ ಬರುವ ಆ ಜಾಗದಲ್ಲಿ ನಾನು ಜಾರಿದಾಗ ಅವನ ಸ್ವರದ ಬಣ್ಣ ಬದಲಾದದ್ದು ಕಿವಿಗೆ ಕಾಣಿಸಿತು. ಬದಲಾಯಿಸಿದವನು ನಾನು!

ಮಾರ್ಚ್ 7

ಜರಿಯ ಕೋಟು ಜ್ಞಾನೇಶನಿಗೆ ತೋಳು ಉದ್ದ. ಟೈಲರ್ ಹತ್ತಿರ ಕೊಟ್ಟುಬಂದೆ. ಮುಂದೆ ನಿಲ್ಲುವವನು ಸಾದಾ ಕೋಟು ಹಾಕಿದರೆ ಸೆಟ್ಟಿಗೇ ಮರ್ಯಾದೆ ಇರುವುದಿಲ್ಲ.

ಮಾರ್ಚ್ 11

ದಂಡಿನಶಿವರದ ಮದುವೆ ಮುಗಿಯಿತು. ನಿನ್ನೆ ದಣಿವಿನಲ್ಲಿ ಬರೆಯಲಾಗಲಿಲ್ಲ. ಎಲ್ಲವನ್ನೂ ಬರೆಯುತ್ತೇನೆ.

ಭಾನುವಾರ ಸಂಜೆ, ಬಿಸಿಲು ಇನ್ನೂ ತೆಂಗಿನ ಗರಿಗಳ ನಡುವೆ ಇರುವಾಗಲೇ ಬೀಗರ ಬಸ್ಸು ಬಂತು. ಛತ್ರದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದ ಹೆಂಗಸರು, ಅವರ ಹಿಂದೆ ಕುರ್ಚಿಯಲ್ಲಿ ರಂಗಮ್ಮ. ನಾನು ಹಿಂದಿನ ಸಾಲಿನಲ್ಲಿ, ಟೇಪ್ ಹಚ್ಚಿದ ತುಟಿಯಲ್ಲಿ ನಿಂತಿದ್ದೆ. ಕೆಲವರು ನನ್ನನ್ನೇ ನೋಡಿ ಗುಸುಗುಸು ಮಾಡಿದರು. ಜ್ಞಾನೇಶನ ಬೆನ್ನು ನೋಡಿದೆ. ಜರಿಯ ಕೋಟನ್ನು ಮತ್ತೆ ಮತ್ತೆ ಕೆಳಗೆಳೆದುಕೊಳ್ಳುತ್ತಿದ್ದ. ಅವನು ಇಲ್ಲಿಂದ ನನ್ನ ಬೆನ್ನನ್ನು ಎಷ್ಟು ವರ್ಷ ನೋಡಿರಬಹುದು ಎನಿಸಿತು.

ಶುರುಮಾಡಿದ. ಚೆನ್ನಾಗಿಯೇ ಹೋಯಿತು. ಬೀಗರು ಬಸ್ಸಿನಿಂದ ಒಬ್ಬೊಬ್ಬರಾಗಿ ಇಳಿದರು. ಮೂರು ಸಲ ಬರುವ ಜಾಗ ಹತ್ತಿರವಾಯಿತು. ಅಷ್ಟರಲ್ಲಿ ಯಾರೋ ನಮ್ಮ ಕಾಲ ಬುಡದಲ್ಲೇ ಪಟಾಕಿ ಸರಕ್ಕೆ ಬೆಂಕಿ ಇಟ್ಟರು. ಜ್ಞಾನೇಶ ಬೆಚ್ಚಿದ. ಸ್ವರ ನಿಂತಿತು. ಡ್ರಮ್ಮಿನವರು ಬಾರಿಸುತ್ತಲೇ ಇದ್ದರು, ಆದರೆ ಮೇಲೆ ಟ್ಯೂನ್ ಇಲ್ಲ. ಅವನ ತಲೆ ಅತ್ತ ಇತ್ತ ಆಡಿತು. ಎಲ್ಲಿದ್ದೇವೆ ಎನ್ನುವುದೇ ಅವನಿಗೆ ತಪ್ಪಿಹೋಗಿತ್ತು.

ಟ್ಯೂನನ್ನು ನಾನು ಎತ್ತಿಕೊಳ್ಳಬಹುದಿತ್ತು. ಬೆರಳು ಗೊತ್ತು, ಒಂದೆರಡು ಸಾಲು ಬಾಯಿ ತಡೆಯುತ್ತಿತ್ತು. ಅದು ಆಗ ಹೊಳೆಯಲೇ ಇಲ್ಲ, ಈಗ ಬರೆಯುವಾಗ ಹೊಳೆಯುತ್ತಿದೆ. ನಾನು ಇದ್ದಲ್ಲೇ ನಿಂತೆ. ಇನ್ನಷ್ಟು ಜೋರಾಗಿ ಊದಿದೆ. ನಾನು ಇಲ್ಲಿದ್ದೇನೆ ಕಣೋ, ಇಲ್ಲೇ. ಆಮೇಲೆ ಅರ್ಧ ಸ್ವರ ಜಾರಿದೆ. ಅವನಿಗೆ ಅದು ಕೇಳಿಸಿತು. ಚಿಕ್ಕಂದಿನಿಂದ ಅವನೇ ಊದಿದ ದಾರಿ ಅದು, ಕೇಳಿಸದೆ ಇರುತ್ತದೆಯೇ? ಎರಡನೆಯ ಸ್ವರಕ್ಕೆ ಸರಿಯಾಗಿ ಬಂದು ಸೇರಿಕೊಂಡ. ಎರಡನೆಯದು, ಮೂರನೆಯದು. ಆರತಿ ತಟ್ಟೆ ಹಿಡಿದಿದ್ದ ಜೀವಿತಾಳ ತಾಯಿ ಅಳುತ್ತಾ ನಗುತ್ತಿದ್ದರು.

ರಂಗಮ್ಮ ಜ್ಞಾನೇಶನನ್ನು ಹತ್ತಿರ ಕರೆದು ಕೆನ್ನೆ ಸವರಿದರು. "ನಿಮ್ಮ ತಾತ ಊದ್ದಂಗೇ ಇತ್ತು ಕಣಪ್ಪ" ಎಂದರು. ನನಗೆ ಏನೂ ಹೇಳಲಿಲ್ಲ. ಪಕ್ಕದಲ್ಲಿದ್ದವರಿಗೆಲ್ಲ ನಾನೇ ಹೇಳಿದೆ, ಇವನು ನನ್ನ ತಮ್ಮ ಎಂದು.

ಊಟದ ಮನೆಯಲ್ಲಿ ಮದುಮಗನ ಸ್ನೇಹಿತ ಒಬ್ಬ ನಮ್ಮನ್ನು ಹುಡುಕಿಕೊಂಡು ಬಂದ. ಉಜ್ವಲ್ ಎಂದು ಹೆಸರು, ಗಿಟಾರ್ ನುಡಿಸುತ್ತಾನಂತೆ. ಈ ಟ್ಯೂನ್ ನಿಮಗೆ ಎಲ್ಲಿ ಸಿಕ್ಕಿತು ಎಂದು ಕೇಳಿದ. ತಾತನ ಕತೆ ಹೇಳಿದೆವು. ಇದು ಅಮೆರಿಕದ ಹಾಡು, ಜಾಝ್ ಎನ್ನುತ್ತಾರೆ, ನೂರು ವರ್ಷ ಹತ್ತಿರವಾಯಿತು ಎಂದ. ಇಂಗ್ಲಿಷ್ ಹೆಸರೂ ಹೇಳಿದ. ಅದು ಜ್ಞಾನೇಶನ ಫೋನಿನಲ್ಲಿದೆ, ನಮಗೆ ಅದು ಬೀಗರ ಟ್ಯೂನೇ.

"ನೂರಾರು ಜನ ರೆಕಾರ್ಡ್ ಮಾಡವ್ರೆ ಸಾರ್, ಒಬ್ಬೊಬ್ರು ಒಂದೊಂದ್ ಥರ. ಆದ್ರೆ ಮದ್ವೆ ಬಾಗ್ಲಲ್ಲಿ ಊದೋದು ಇಲ್ಲೇ ನೋಡಿದ್ದು."

ಫೋನಿನಲ್ಲಿ ಒಂದನ್ನು ಹಾಕಿ ಕೇಳಿಸಿದ. ಯಾರೋ ಹೆಂಗಸು, ನಿಧಾನಕ್ಕೆ, ನಿದ್ದೆಗಣ್ಣಿನಲ್ಲಿ ಹಾಡಿದ ಹಾಗೆ. ಮೊದಲು ನನಗೆ ಗುರುತೇ ಸಿಗಲಿಲ್ಲ, ನಮ್ಮ ತಾಳ ಇಲ್ಲ, ನಮ್ಮ ಓಟ ಇಲ್ಲ. ಆಮೇಲೆ ಆ ಜಾಗ ಬಂತು. ಅವಳು ಒಂದೇ ಸ್ವರವನ್ನು ಮೂರು ಸಲ ಹಾಡಿದಳು. ಅದರ ಕೆಳಗೆ, ಪಿಯಾನೊದಲ್ಲಿ, ಯಾರೋ ಒಬ್ಬ ನಿಂತಲ್ಲಿ ನಿಂತು ಅರ್ಧ ಸ್ವರ ಜಾರುತ್ತಿದ್ದ. ಮತ್ತೆ ಅರ್ಧ.

ನಾನು ಜ್ಞಾನೇಶನ ಮುಖ ನೋಡಿದೆ, ಅವನು ನನ್ನದು ನೋಡಿದ. ಇಷ್ಟು ದೂರದಲ್ಲಿ, ಇಷ್ಟು ವರ್ಷ, ನಮ್ಮ ಕೆಲಸವನ್ನೇ ಮಾಡುತ್ತಿದ್ದವರು ಇದ್ದರಲ್ಲ! ಅವರೂ ಸರಿಯಾಗಿ ಅದೇ ಜಾಗದಲ್ಲಿ ಜಾರಿದ್ದಾರೆ. ನಮ್ಮ ತಾತ ಒಂದು ಕೂದಲಿನಷ್ಟೂ ತಪ್ಪು ತರಲಿಲ್ಲ. ನಾವೂ ತಪ್ಪು ಇಟ್ಟುಕೊಂಡಿಲ್ಲ. ಹೋಳಿಗೆ ಬಡಿಸಿಕೊಂಡು ಬಂದವರು ಬಂದ ಹಾಗೇ ಮುಂದೆ ಹೋದರು, ನಾವಿಬ್ಬರೂ ಎಲೆ ಮುಂದೆ ಕೈ ಇಟ್ಟುಕೊಂಡು ಕೇಳುತ್ತಾ ಕೂತಿದ್ದೆವು.

ಏಪ್ರಿಲ್ 21

ಡಾಕ್ಟರು ನೋಡಿದರು. ಕಣ್ಣು ಸರಿಯಾಗಿ ಮುಚ್ಚುತ್ತದೆ. ನಕ್ಕರೆ ಮಾತ್ರ ಸ್ವಲ್ಪ ಸೊಟ್ಟ. ಇನ್ನು ಏನು ಬೇಕಾದರೂ ಊದಿ ಎಂದರು.

ಸಾಯಂಕಾಲ ಜ್ಞಾನೇಶ ಆಲ್ಟೊವನ್ನು ಒರೆಸಿ, ಹೊಳೆಯುವಂತೆ ಮಾಡಿ, ಪೆಟ್ಟಿಗೆಯಲ್ಲಿಟ್ಟು ತಂದ. ತಗೋ ಅಣ್ಣ ಎಂದ. ಬಾಯಿ ಇನ್ನೂ ಪೂರ್ತಿ ಕೂಡಿಲ್ಲ, ಮೇಲಿನ ಸ್ವರಕ್ಕೆ ಆಗುವುದಿಲ್ಲ, ನಿನ್ನ ಹತ್ತಿರವೇ ಇರಲಿ ಎಂದೆ. ಅವನು ಡಾಕ್ಟರು ಏನೆಂದರು ಎಂದು ಕೇಳಿದ. ಹಾಗೇ ಅಂದರು ಎಂದೆ. ಒಳಗಿನಿಂದ ಬಂದ ವಿಮಲ ನನ್ನ ಮುಖ ನೋಡಿ, ಇಬ್ಬರಿಗೂ ಕಾಫಿ ಇಟ್ಟು ಹೋದಳು.

ಟೆನರಿನಲ್ಲಿ ಇನ್ನೂ ಕೆಲಸ ಇದೆ. ಟ್ಯೂನಿನ ಕೊನೆಯ ಸಾಲಿನ ಕೆಳಗೆ ಒಂದು ಕಡೆ ಜಾರುವ ಬದಲು ಏರಿದರೆ ಹೇಗೆ ಎಂದು ನೋಡುತ್ತಿದ್ದೇವೆ. ಜ್ಞಾನೇಶನಿಗೆ ಇಷ್ಟವಾಗಿಲ್ಲ. ನನಗೆ ಆಗಿದೆ.

ಮೇ 5

ಚಿಕ್ಕನಾಯಕನಹಳ್ಳಿಯಲ್ಲಿ ಮದುವೆ. ಬೀಗರು ಛತ್ರದೊಳಗೆ ಹೋದ ಮೇಲೂ ಜನ ಬಿಡಲಿಲ್ಲ, ಇನ್ನೊಂದು ಸಲ ಊದಿಸಿದರು. ಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು, ಸದ್ದು ಬಹಳ ದೂರ ಹೋಗಿರಬೇಕು.

ವಿಮಲಳೂ ಬಂದಿದ್ದಳು, ಹುಡುಗಿಯ ತಾಯಿ ಅವಳಿಗೆ ಪರಿಚಯ. ಸೆಟ್ಟಿನ ಜೊತೆ ನಿಲ್ಲದೆ ಜನರ ನಡುವೆ ನಿಂತು ಕೇಳಿದಳಂತೆ. ಮನೆಗೆ ಬಂದು ಮುದ್ದೆ ಬಡಿಸುವಾಗ ಹೇಳಿದಳು.

"ಇವತ್ತು ನಿಮ್ದು ಯಾವ್ದು, ಅವ್ನುದು ಯಾವ್ದು, ನಂಗೆ ಗೊತ್ತೇ ಆಗ್ಲಿಲ್ಲ ಕಣ್ರೀ. ಒಬ್ರೇ ಊದ್ದಂಗಿತ್ತು."

ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.